ಎಮ್ಮೆಗೂ ಅದೇ ಸೂಜಿ, ಬಾಣಂತಿಗೂ ಅದೇ ಸೂಜಿ: ಆಕ್ಸಿಟೋಸಿನ್ ಸುತ್ತ ಇಷ್ಟು ಗೊಂದಲ ಯಾಕೆ?

'ಅಕ್ರಮ ಆಕ್ಸಿಟೋಸಿನ್ ಬಾಟಲಿಗಳು ವಶ' ಎಂಬ ಸುದ್ದಿ ಆಗಾಗ ಬರುತ್ತದೆ. ಊರು ಬೇರೆ ಬೇರೆ, ಸುದ್ದಿ ಮಾತ್ರ ಒಂದೇ. ಹಾಲು ಜಾಸ್ತಿ ಬರಲಿ ಎಂದು ಎಮ್ಮೆಗೆ ಸೂಜಿ ಮಾಡುತ್ತಿದ್ದರಂತೆ, ಅಧಿಕಾರಿಗಳು ಹಿಡಿದರಂತೆ. ಅದರ ಬೆನ್ನಿಗೇ ವಾಟ್ಸಾಪ್‌ನಲ್ಲಿ ಇನ್ನೊಂದು ಸುತ್ತು ಶುರುವಾಗುತ್ತದೆ. ಇಂಜೆಕ್ಷನ್ ಹಾಲು ಕುಡಿದೇ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಿದ್ದಾರೆ, ಕುಂಬಳಕಾಯಿಗೂ ಅದನ್ನೇ ಚುಚ್ಚುತ್ತಾರೆ, ಇದು ವಿಷ, ಹೀಗೆ.

ಅದೇ ಹೊತ್ತಿಗೆ ಅಥಣಿಯಲ್ಲೋ ಇಂಡಿಯಲ್ಲೋ ಜಮಖಂಡಿಯಲ್ಲೋ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಒಂದು ಮಗು ಹುಟ್ಟುತ್ತದೆ. ಮಗು ಹೊರಬಂದ ಒಂದು ನಿಮಿಷದೊಳಗೆ ನರ್ಸ್ ತಾಯಿಯ ತೊಡೆಗೆ ಸೂಜಿ ಮಾಡುತ್ತಾಳೆ. ಅದೂ ಆಕ್ಸಿಟೋಸಿನ್. ಅದು ಸಿಗದೆ ಹೋದರೆ ತಾಯಿಯ ಜೀವಕ್ಕೇ ಕುತ್ತು ಬರಬಹುದು.

ಒಂದೇ ಔಷಧ ಒಂದು ಕಡೆ ವಿಷ, ಇನ್ನೊಂದು ಕಡೆ ಪ್ರಾಣ ಉಳಿಸುವ ಮದ್ದು. ಸರ್ಕಾರ ಒಮ್ಮೆ ಇದಕ್ಕೆ ಕಡಿವಾಣ ಹಾಕಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು. ಓದುವವರಿಗೆ ತಲೆ ಕೆಡುವುದು ಸಹಜವೇ, ಅಲ್ವಾ? ಈ ಗಂಟು ಬಿಚ್ಚಬೇಕಾದರೆ ಹಾರ್ಮೋನ್ ಅಂದರೆ ಏನು ಎಂಬಲ್ಲಿಂದಲೇ ಶುರು ಮಾಡಬೇಕು.

ಊರೆಲ್ಲ ಡಂಗುರ, ಏಳುವವರು ಕೆಲವರೇ

ನಮ್ಮ ದೇಹದಲ್ಲಿ ಎರಡು ಥರದ ಗ್ರಂಥಿಗಳಿವೆ. ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳಿಗೆ ಸ್ವಂತ ಕೊಳವೆ ಇರುತ್ತದೆ. ತಯಾರಿಸಿದ್ದನ್ನು ಆ ಕೊಳವೆಯಲ್ಲೇ ಹೊರಗೆ ಬಿಡುತ್ತವೆ. ಥೈರಾಯ್ಡ್, ಅಡ್ರಿನಲ್, ಪಿಟ್ಯುಟರಿಯಂಥವಕ್ಕೆ ಕೊಳವೆಯೇ ಇಲ್ಲ. ಅದಕ್ಕೇ ಅವನ್ನು ನಿರ್ನಾಳ ಗ್ರಂಥಿಗಳು ಎನ್ನುತ್ತಾರೆ. ಅವು ತಮ್ಮ ಸರಕನ್ನು ನೇರವಾಗಿ ರಕ್ತಕ್ಕೆ ಸುರಿಯುತ್ತವೆ. ಆ ಸರಕೇ ಹಾರ್ಮೋನ್.

ಇದು ಹಳ್ಳಿಯಲ್ಲಿ ಡಂಗುರ ಸಾರಿದ ಹಾಗೆ. ಡಂಗುರ ಎಲ್ಲರ ಕಿವಿಗೂ ಬೀಳುತ್ತದೆ, ಆದರೆ ಯಾರ ಹೆಸರು ಕೂಗಿದರೋ ಅವರು ಮಾತ್ರ ಎದ್ದು ಹೋಗುತ್ತಾರೆ. ರಕ್ತದಲ್ಲಿ ಹೊರಟ ಹಾರ್ಮೋನ್ ಕೂಡ ಮೈಯೆಲ್ಲ ಸುತ್ತುತ್ತದೆ. ಅದನ್ನು ಗುರುತಿಸುವ ಗ್ರಾಹಕ (ರಿಸೆಪ್ಟರ್) ಯಾವ ಜೀವಕೋಶದ ಮೇಲಿದೆಯೋ ಅದು ಮಾತ್ರ ಕೆಲಸಕ್ಕೆ ಇಳಿಯುತ್ತದೆ. ಗ್ರಾಹಕ ಇಲ್ಲದ ಕಡೆ ಎಷ್ಟು ಹಾರ್ಮೋನ್ ಸುರಿದರೂ ಏನೂ ಆಗದು. ಈ ಮಾತು ನೆನಪಿರಲಿ, ಕುಂಬಳಕಾಯಿಯ ವಿಷಯ ಬಂದಾಗ ಬೇಕಾಗುತ್ತದೆ.

ಆಕ್ಸಿಟೋಸಿನ್ ತಯಾರಾಗುವುದು ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ನಲ್ಲಿ. ಅಲ್ಲಿಂದ ನರದ ಎಳೆಗಳಲ್ಲೇ ಇಳಿದು, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ದಾಸ್ತಾನಾಗಿ ಕೂತಿರುತ್ತದೆ. ಸೂಚನೆ ಬಂದಾಗ ರಕ್ತಕ್ಕೆ ಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ಕರಗಿಯೂ ಹೋಗುತ್ತದೆ. ಒಂಬತ್ತು ಅಮೈನೊ ಆಮ್ಲಗಳನ್ನು ಪೋಣಿಸಿದ ಪುಟ್ಟ ಸರ ಅದು. 1906ರಲ್ಲಿ ಹೆನ್ರಿ ಡೇಲ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಪಿಟ್ಯುಟರಿಯ ಹಿಂಭಾಗದ ಸಾರವನ್ನು ಬೆಕ್ಕಿಗೆ ಕೊಟ್ಟಾಗ ಅದರ ಗರ್ಭಕೋಶ ಬಿಗಿಯುವುದನ್ನು ಕಂಡರು. 1953ರಲ್ಲಿ ಅಮೆರಿಕದ ವಿನ್ಸೆಂಟ್ ದು ವಿನ್ಯೋ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಎರಡು ವರ್ಷಕ್ಕೆ ಅವರಿಗೆ ನೊಬೆಲ್ ಬಂತು. ಇಂದು ಆಸ್ಪತ್ರೆಯಲ್ಲಿ ಸಿಗುವುದು ಹೀಗೆ ತಯಾರಿಸಿದ ಆಕ್ಸಿಟೋಸಿನ್ನೇ. ಎಮ್ಮೆಯ ಮೈಯಲ್ಲಿ ಹುಟ್ಟುವುದಕ್ಕೂ ಹೆಣ್ಣುಮಗಳ ಮೈಯಲ್ಲಿ ಹುಟ್ಟುವುದಕ್ಕೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸ ಇಲ್ಲ.

ಹೆಚ್ಚಿನ ಹಾರ್ಮೋನ್‌ಗಳಿಗೆ ಮೂಗುದಾರ ಇರುತ್ತದೆ. ಥೈರಾಯ್ಡ್ ಹಾರ್ಮೋನ್ ಸಾಕಷ್ಟಾದರೆ ಪಿಟ್ಯುಟರಿ ತಾನೇ ಕೈ ಬಿಗಿ ಹಿಡಿಯುತ್ತದೆ, ಟಾಕಿ ತುಂಬಿದ ಕೂಡಲೇ ನೀರು ತಾನೇ ನಿಂತ ಹಾಗೆ. ಹೆರಿಗೆ ಹೊತ್ತಿನ ಆಕ್ಸಿಟೋಸಿನ್ ಹಾಗಲ್ಲ. ಮಗುವಿನ ತಲೆ ಗರ್ಭಕೋಶದ ಬಾಯಿಗೆ ಒತ್ತಿದಷ್ಟೂ ಹಾರ್ಮೋನ್ ಹೆಚ್ಚು ಬರುತ್ತದೆ. ಹಾರ್ಮೋನ್ ಹೆಚ್ಚಿದಷ್ಟೂ ಒತ್ತಡ ಹೆಚ್ಚುತ್ತದೆ. ಮಗು ಹೊರಗೆ ಬರುವವರೆಗೆ ಇದು ಏರುತ್ತಲೇ ಹೋಗುತ್ತದೆ. ಇಂಥ ವ್ಯವಸ್ಥೆಗೆ ಹೊರಗಿನಿಂದ ಕೈ ಹಾಕುವವರಿಗೆ ಅಳತೆ ಗೊತ್ತಿರಬೇಕು.

ಕೊಟ್ಟಿಗೆಯಲ್ಲಿ ನಡೆಯುವುದು

ನಸುಕಿನ ಐದು ಗಂಟೆ. ಗೋದಲಿಗೆ ಹಿಂಡಿ ಹಾಕಿದ ಸದ್ದಿಗೇ ಎಮ್ಮೆ ಕಿವಿ ನಿಮಿರಿಸುತ್ತದೆ. ಕರು ಬಿಟ್ಟರೆ ಅದು ಓಡಿ ಬಂದು ಕೆಚ್ಚಲಿಗೆ ಮೂತಿಯಿಂದ ಗುದ್ದುತ್ತದೆ. ಮೊದಲು ಮೊಲೆ ಜೋತುಬಿದ್ದೇ ಇರುತ್ತವೆ, ಚೀಪಿದರೂ ಏನೂ ಬರದು. ಒಂದು ನಿಮಿಷ ಕಳೆಯುತ್ತದೆ, ಎರಡಾಗುತ್ತದೆ. ಆಮೇಲೆ ನೋಡನೋಡುತ್ತಲೇ ಮೊಲೆಗಳು ತುಂಬಿ ಬಿಗಿಯುತ್ತವೆ, ಕರುವಿನ ಕಟವಾಯಿಯಲ್ಲಿ ನೊರೆ ಕಾಣುತ್ತದೆ. ಎಮ್ಮೆ ತೊರೆ ಬಿಟ್ಟಿತು. ಕರುವನ್ನು ಎಳೆದು ಕಟ್ಟಿ, ಚರಿಗೆ ಹಿಡಿದು ಕೂರುವುದು ಆಗಲೇ.

ಆ ಎರಡು ನಿಮಿಷದ ಕೆಲಸ ಆಕ್ಸಿಟೋಸಿನ್‌ನದು. ಹಾಲು ಕೆಚ್ಚಲಿನೊಳಗೆ ಸಣ್ಣ ಸಣ್ಣ ಗುಳ್ಳೆಗಳಂಥ ಚೀಲಗಳಲ್ಲಿ ತಯಾರಾಗಿ ಅಲ್ಲೇ ಕೂತಿರುತ್ತದೆ. ಪ್ರತಿ ಚೀಲದ ಸುತ್ತ ಬಲೆ ಹೆಣೆದಂತೆ ಸ್ನಾಯುವಿನಂಥ ಜೀವಕೋಶಗಳಿವೆ. ಆಕ್ಸಿಟೋಸಿನ್ ತಾಗಿದ ಕೂಡಲೇ ಆ ಬಲೆ ಬಿಗಿದು ಹಾಲನ್ನು ಕೆಳಗೆ ತಳ್ಳುತ್ತದೆ. ಅಂದರೆ ಈ ಹಾರ್ಮೋನ್ ಹಾಲನ್ನು ತಯಾರಿಸುವುದಿಲ್ಲ. ತಯಾರಿಸುವ ಕೆಲಸ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಮತ್ತು ಅದರ ಜೊತೆಗಾರರದು, ಅವುಗಳ ಹಿಂದೆ ಮೇವು, ನೀರು, ತಳಿ. ತಯಾರಾದದ್ದನ್ನು ಇಳಿಸುವುದಷ್ಟೇ ಆಕ್ಸಿಟೋಸಿನ್ ಪಾಲು. ಕೆಚ್ಚಲು ಪೂರ್ತಿ ಖಾಲಿಯಾದರೆ ಮುಂದಿನ ಹೊತ್ತಿಗೆ ಸ್ವಲ್ಪ ಹೆಚ್ಚು ಹಾಲು ಕೂಡಬಹುದು. ಎರಡು ಲೀಟರ್ ಎಮ್ಮೆಯನ್ನು ಹತ್ತು ಲೀಟರ್ ಎಮ್ಮೆ ಮಾಡುವ ಮಾಯೆ ಇದರಲ್ಲಿಲ್ಲ.

ಹಾಗಿದ್ದರೆ ಸೂಜಿ ಯಾಕೆ ಬೇಕು? ಉತ್ತರ ಎಮ್ಮೆಯ ಕೆಚ್ಚಲಿನ ರಚನೆಯಲ್ಲೇ ಇದೆ. ಹಸುವಿನಲ್ಲಿ ಸುಮಾರು ಐದನೇ ಒಂದು ಪಾಲು ಹಾಲು ಮೊಲೆಯ ಮೇಲಿನ ತೊಟ್ಟಿಯಲ್ಲಿ ಮೊದಲೇ ಇಳಿದಿರುತ್ತದೆ. ತೊರೆ ಬಿಡದಿದ್ದರೂ ಅಷ್ಟು ಸಿಗುತ್ತದೆ. ಎಮ್ಮೆಯಲ್ಲಿ ಆ ತೊಟ್ಟಿಯಲ್ಲಿರುವುದು ನೂರಕ್ಕೆ ಐದು ಪಾಲು ಮಾತ್ರ. ಎಮ್ಮೆ ಮನಸ್ಸು ಮಾಡದಿದ್ದರೆ ಚರಿಗೆಯ ತಳವೂ ತೋಯುವುದಿಲ್ಲ. ಅದು ಹೆದರಿದರೆ, ಹೊಸಬರು ಹಿಂಡಲು ಕೂತರೆ, ಹೊಡೆದರೆ ಅಡ್ರಿನಾಲಿನ್ ಏರಿ ಆಕ್ಸಿಟೋಸಿನ್‌ನ ದಾರಿ ಕಟ್ಟುತ್ತದೆ. 'ಎಮ್ಮೆ ಹಾಲು ಏರಿಸಿಕೊಂಡಿದೆ' ಎಂದು ಹಿರಿಯರು ಹೇಳುವುದು ಇದನ್ನೇ. ಅವರು ಅದನ್ನು ಹಟ ಎನ್ನುತ್ತಾರೆ. ವಿಜ್ಞಾನದ ಲೆಕ್ಕದಲ್ಲಿ ಅದು ಹೆದರಿಕೆ.

ಕರು ಎಲ್ಲಿ ಹೋಯಿತು?

ನನ್ನ ಪ್ರಕಾರ ಇಡೀ ಗಲಾಟೆಯ ಬೇರು ಇಲ್ಲಿದೆ, ಮತ್ತು ಸುದ್ದಿಯಲ್ಲಿ ಕಾಣದೇ ಹೋಗುವುದೂ ಇದೇ.

ಎಮ್ಮೆ ತೊರೆ ಬಿಡಬೇಕಾದರೆ ಕರು ಬೇಕು. ಕರು ಬದುಕಬೇಕಾದರೆ ಅದಕ್ಕೆ ಹಾಲು ಬೇಕು. ಕರು ಕುಡಿದ ಪ್ರತಿ ಲೀಟರಿಗೂ ಡೇರಿಯಲ್ಲಿ ದುಡ್ಡಿದೆ. ಹೆಣ್ಣುಗರುವಾದರೆ ನಾಳೆ ಎಮ್ಮೆಯಾಗುತ್ತದೆ ಎಂಬ ಆಸೆಗೆ ಸಾಕುತ್ತಾರೆ. ಕೋಣಗರು ಹುಟ್ಟಿದರೆ? ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಕಬ್ಬಿನ ಗಾಡಿಗೆ ಎತ್ತು ಬೇಕು, ಕೋಣಕ್ಕೆ ಕೇಳುವವರು ಕಡಿಮೆ. ಹಾಗಾಗಿ ಕೋಣಗರುವಿಗೆ ಸಿಗುವ ಹಾಲು ದಿನದಿನಕ್ಕೆ ಕಡಿಮೆಯಾಗುತ್ತದೆ, ಜಂತುಹುಳುವಿನ ಔಷಧ ಮರೆತುಹೋಗುತ್ತದೆ, ಒಂದು ದಿನ ಕರು ಸಾಯುತ್ತದೆ. ಯಾರೂ ಬೇಕೆಂದು ಕೊಂದಿಲ್ಲ. ಉಳಿಸಲೂ ಇಲ್ಲ.

ಕರು ಸತ್ತ ಮರುದಿನ ಎಮ್ಮೆ ತೊರೆ ಬಿಡುವುದಿಲ್ಲ. ಹಿಂದೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು, ಎಮ್ಮೆ ಅದನ್ನೇ ನೆಕ್ಕಿ ತೊರೆ ಬಿಡುತ್ತಿತ್ತು. ಈಗ ಆ ಜಾಗಕ್ಕೆ ಸೂಜಿ ಬಂದಿದೆ. ಹೊಸ ಊರಿಗೆ, ಹೊಸ ಕೈಗೆ ಬಂದ ಎಮ್ಮೆಗೂ ಅದೇ ಉಪಾಯ. ಇಪ್ಪತ್ತು ಮೂವತ್ತು ಎಮ್ಮೆ ಕಟ್ಟಿದ ಕಡೆ ಹೊತ್ತೂ ಉಳಿಯುತ್ತದೆ. ಒಂದೊಂದಕ್ಕೆ ಎರಡು ನಿಮಿಷ ಕಾಯುವ ಬದಲು ಚುಚ್ಚಿ ಹಿಂಡಿ ಮುಂದೆ ಹೋಗಬಹುದು. ಇನ್ನೊಂದು ಆಸೆಯೂ ಇದೆ. ಕೆಚ್ಚಲಿನ ಕೊನೆಯ ಹಾಲಿನಲ್ಲಿ ಕೊಬ್ಬು ಜಾಸ್ತಿ, ಡೇರಿಯಲ್ಲಿ ದರ ನಿಲ್ಲುವುದು ಫ್ಯಾಟ್ ಮೇಲೆ.

ಇದಕ್ಕೆ ತೆರುವ ಬೆಲೆ ನಿಧಾನಕ್ಕೆ ಕಾಣಿಸುತ್ತದೆ. ದಿನಾ ಹೊರಗಿನಿಂದ ಬಂದರೆ ಕೆಚ್ಚಲು ಅದಕ್ಕೇ ಒಗ್ಗಿಬಿಡುತ್ತದೆ. ಸೂಜಿ ನಿಲ್ಲಿಸಿದರೆ ತಾನಾಗಿ ತೊರೆ ಬಿಡುವುದು ಕಡಿಮೆಯಾಗುತ್ತದೆ ಎಂದು ಹಸುಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಜೊತೆಗೆ ಈ ಹಾರ್ಮೋನ್‌ನ ಗ್ರಾಹಕ ಗರ್ಭಕೋಶದಲ್ಲೂ ಇರುವುದರಿಂದ ಪ್ರತಿ ಸೂಜಿಗೂ ಅದೂ ಬಿಗಿಯುತ್ತದೆ. ಬೆದೆಯ ಲೆಕ್ಕ ತಪ್ಪುವ ಅಪಾಯ ಇದೆ. ಕಳ್ಳ ಪೇಟೆಯ ಬಾಟಲಿಯಲ್ಲಿ ಎಷ್ಟು ಶಕ್ತಿಯ ಔಷಧ ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಚೀಟಿಯೂ ಇರುವುದಿಲ್ಲ. ಒಂದೇ ಸೂಜಿ ಸಾಲಾಗಿ ಎಲ್ಲ ಎಮ್ಮೆಗೂ ಹೋದರೆ ರೋಗವೂ ಅದರ ಜೊತೆ ಹೋಗುತ್ತದೆ.

ಒಂದು ಸಣ್ಣ ವಿಷಯ ಇಲ್ಲಿ ಹೇಳಬೇಕು. ಬೆಳಗಾವಿ ಸೀಮೆಯಲ್ಲಿ ಕಾಣುವ, ಕತ್ತಿಯಂಥ ಉದ್ದ ಕೋಡಿನ ಪಂಢರಪುರಿ ಎಮ್ಮೆಗೆ ಕೈಗೆ ಒಗ್ಗುವ ಗುಣ ಇದೆ. ಬೀದಿಯಲ್ಲಿ ಗಿರಾಕಿಯ ಮನೆ ಮುಂದೆ ನಿಲ್ಲಿಸಿ ಹಿಂಡಿದರೂ ಹಾಲು ಕೊಡುತ್ತದೆ ಎಂದು ಗೌಳಿಗರಲ್ಲಿ ಅದಕ್ಕೆ ಹೆಸರು. ದೀಪಾವಳಿ ಪಾಡ್ಯದಂದು ಬೆಳಗಾವಿಯ ಗೌಳಿಗರು ಕೋಡಿಗೆ ಬಣ್ಣ ಬಳಿದು, ನವಿಲುಗರಿ ಕಟ್ಟಿ ಮೆರೆಸುವ ಎಮ್ಮೆಗಳನ್ನು ನೋಡಿದರೆ ಸೂಜಿ ಇಲ್ಲದೆಯೂ ಈ ಕಸುಬು ನಡೆದು ಬಂದಿದೆ ಎಂಬುದು ಅರ್ಥವಾಗುತ್ತದೆ.

ಸೂಜಿಗಿಂತ ಹಳೆಯ ಕ್ರೌರ್ಯ

ಹಾರ್ಮೋನ್‌ನ ಹೆಸರು ಗೊತ್ತಿಲ್ಲದ ಕಾಲದಲ್ಲೂ ಈ ಗುಟ್ಟು ಜನಕ್ಕೆ ಗೊತ್ತಿತ್ತು. 'ಫೂಕಾ' ಎಂಬ ಪದ್ಧತಿಯಲ್ಲಿ ಹಸು, ಎಮ್ಮೆಗಳ ಹಿಂಭಾಗದಿಂದ ಗಾಳಿ ಊದಿ ಹಾಲು ಇಳಿಸುತ್ತಿದ್ದರು. ಅದರಿಂದ ಆಗುತ್ತಿದ್ದುದು ಇಷ್ಟೇ: ಜನನಾಂಗ ಹಿಗ್ಗಿದ ಸುದ್ದಿ ಮೆದುಳಿಗೆ ಹೋಗಿ ಆಕ್ಸಿಟೋಸಿನ್ ಬಿಡುಗಡೆಯಾಗುತ್ತಿತ್ತು. ಈ ಹಿಂಸೆಯ ವಿಷಯ ತಿಳಿದೇ ಗಾಂಧೀಜಿ ಹಸು, ಎಮ್ಮೆಯ ಹಾಲು ಬಿಟ್ಟಿದ್ದರು. 1924ರ ಡಿಸೆಂಬರ್‌ನಲ್ಲಿ ಅವರು ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದಾಗ ಅಲ್ಲೇ ಗೋರಕ್ಷಣಾ ಸಮ್ಮೇಳನವನ್ನೂ ನಡೆಸಿಕೊಟ್ಟರು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಂ ಫೂಕಾವನ್ನು ಅಪರಾಧ ಎನ್ನುತ್ತದೆ. ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಏನನ್ನಾದರೂ ಚುಚ್ಚುವುದೂ ಅದೇ ಕಲಂಗೆ ಬರುತ್ತದೆ. ಶಿಕ್ಷೆ ಎಂದರೆ ಎರಡು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಎಮ್ಮೆಯ ಒಂದೆರಡು ದಿನದ ಹಾಲಿನ ದುಡ್ಡಲ್ಲೇ ಆ ದಂಡ ಕಟ್ಟಬಹುದು. 2024ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ಡೇರಿಗಳಲ್ಲಿ ಆಕ್ಸಿಟೋಸಿನ್ ಚುಚ್ಚುವುದು ಪ್ರಾಣಿ ಹಿಂಸೆಯೇ ಎಂದು ಹೇಳಿ, ಅಲ್ಲಿನ ಡೇರಿಗಳಲ್ಲಿ ವಾರಕ್ಕೊಮ್ಮೆ ತಪಾಸಣೆ ಮಾಡುವಂತೆ ಆದೇಶಿಸಿತು.

ಹಾಲು ಕುಡಿದವರಿಗೆ ಏನಾಗುತ್ತದೆ?

ಜನರ ಹೆದರಿಕೆ ಹೆಚ್ಚಾಗಿ ಇಲ್ಲೇ ಇದೆ. ಆದರೆ ಅದಕ್ಕೆ ಆಧಾರ ಕಡಿಮೆ ಇರುವುದೂ ಇಲ್ಲೇ.

ಹಾರ್ಮೋನ್ ಎಂದರೆ ಎಲ್ಲವೂ ಒಂದೇ ಜಾತಿಯವಲ್ಲ. ಈಸ್ಟ್ರೋಜೆನ್‌ನಂಥವು ಕೊಬ್ಬಿನ ಕುಲದವು, ಹೊಟ್ಟೆಗೆ ಹೋದರೂ ಕೆಲಸ ಮಾಡಬಲ್ಲವು. ಅದಕ್ಕೇ ಗರ್ಭನಿರೋಧಕ ಮಾತ್ರೆ ಮಾತ್ರೆಯಾಗಿಯೇ ಇದೆ. ಥೈರಾಯ್ಡ್ ಮಾತ್ರೆಯೂ ಹಾಗೆಯೇ. ಆಕ್ಸಿಟೋಸಿನ್, ಇನ್ಸುಲಿನ್‌ಗಳು ಅಮೈನೊ ಆಮ್ಲದ ಸರಗಳು. ಹೊಟ್ಟೆ, ಕರುಳಿನ ರಸಗಳು ಅವನ್ನು ಬೇಳೆ, ಮೊಟ್ಟೆಯ ಪ್ರೊಟೀನ್ ಕತ್ತರಿಸಿದ ಹಾಗೆ ಕತ್ತರಿಸಿ ಹಾಕುತ್ತವೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ನುಂಗದೆ ದಿನಾ ಚುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಸೂಜಿ ಮಾಡದ ಎಮ್ಮೆಯ ಹಾಲಿನಲ್ಲೂ ತೀರಾ ಸಣ್ಣ ಪ್ರಮಾಣದ ಆಕ್ಸಿಟೋಸಿನ್ ಇದ್ದೇ ಇರುತ್ತದೆ. ತಾಯಿಯ ಎದೆಹಾಲಿನಲ್ಲೂ ಇರುತ್ತದೆ.

ಹೆಣ್ಣುಮಕ್ಕಳು ಬೇಗ ದೊಡ್ಡವರಾಗುವ ಮಾತಿಗೆ ಬರೋಣ. ಹರೆಯ ಶುರುವಾಗುವುದು ಬೇರೆ ಏಣಿಯಲ್ಲಿ. ಹೈಪೊಥಲಾಮಸ್ ಪಿಟ್ಯುಟರಿಯ ಮುಂಭಾಗಕ್ಕೆ ಸೂಚನೆ ಕೊಡುತ್ತದೆ, ಪಿಟ್ಯುಟರಿ ಅಂಡಾಶಯಕ್ಕೆ ಹೇಳುತ್ತದೆ, ಅಂಡಾಶಯ ಈಸ್ಟ್ರೋಜೆನ್ ತಯಾರಿಸುತ್ತದೆ. ಈ ಏಣಿಯನ್ನು ಹತ್ತಿಸುವುದು ಆಕ್ಸಿಟೋಸಿನ್ ಅಲ್ಲ. ಬೇಗ ಹರೆಯಕ್ಕೆ ಬರುವುದಕ್ಕೆ ವೈದ್ಯರು ಗುರುತಿಸುವ ದೊಡ್ಡ ಕಾರಣಗಳಲ್ಲಿ ಮೈತೂಕವೂ ಒಂದು. ಕೊಬ್ಬಿನಂಗಾಂಶವೇ ಲೆಪ್ಟಿನ್ ಎಂಬ ಹಾರ್ಮೋನ್ ಬಿಟ್ಟು, 'ದಾಸ್ತಾನು ಸಾಕಷ್ಟಿದೆ' ಎಂದು ಮೆದುಳಿಗೆ ತಿಳಿಸುತ್ತದೆ. ಅಜ್ಜಿಯರ ಕಾಲಕ್ಕಿಂತ ಊಟ ಸುಧಾರಿಸಿದೆ, ಓಡಾಟ ಕಡಿಮೆಯಾಗಿದೆ. ಎಂಟು ವರ್ಷ ತುಂಬುವ ಮೊದಲೇ ಹುಡುಗಿಯಲ್ಲಿ ಹರೆಯದ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸಬೇಕು. ಹುಡುಗರಿಗೆ ಈ ಗಡಿ ಒಂಬತ್ತು. ಸುಮ್ನೆ ಹಾಲಿನವರನ್ನು ಬದಲಿಸಿ ಕೂತರೆ ಚಿಕಿತ್ಸೆಯ ಹೊತ್ತು ಕಳೆದುಹೋಗುತ್ತದೆ. ಹಾಲು ನಿಲ್ಲಿಸಿಬಿಟ್ಟರಂತೂ ಮಗುವಿಗೆ ಸಿಗುವ ಕ್ಯಾಲ್ಸಿಯಂ, ಪ್ರೊಟೀನ್ ಎರಡೂ ಹೋದವು.

ಇನ್ನು ಕುಂಬಳಕಾಯಿ, ಸೋರೆಕಾಯಿ. ಗಿಡಕ್ಕೆ ಆಕ್ಸಿಟೋಸಿನ್‌ನ ಗ್ರಾಹಕವೇ ಇಲ್ಲ. ಚುಚ್ಚಿದವರು ಚುಚ್ಚಿದರು ಅಂದುಕೊಳ್ಳೋಣ, ಕಾಯಿ ದೊಡ್ಡದಾಗಲು ಅದು ಕಾರಣವಾಗದು. ಗಿಡಗಳಿಗೆ ಅವುಗಳದೇ ಹಾರ್ಮೋನ್‌ಗಳಿವೆ. ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಹಂಗಾಮಿನಲ್ಲಿ ಹೋದರೆ ಹೆಣ್ಣಾಳುಗಳು ಒಂದೊಂದೇ ಗೊಂಚಲನ್ನು ಔಷಧದ ಮಗ್ಗಿನಲ್ಲಿ ಅದ್ದಿ ಬಿಡುವುದು ಕಾಣುತ್ತದೆ. ಅದು ಜಿಎ, ಅಂದರೆ ಜಿಬ್ಬೆರೆಲಿಕ್ ಆಮ್ಲ. ಕಾಳು ಉದ್ದವಾಗಿ ದಪ್ಪಗಾಗಲಿ ಎಂದು ಕೊಡುವ ಸಸ್ಯ ಹಾರ್ಮೋನ್. ಬೀಜವಿಲ್ಲದ ದ್ರಾಕ್ಷಿಯಲ್ಲಿ ಬೀಜ ಮಾಡಬೇಕಾದ ಕೆಲಸವನ್ನು ಇದು ಮಾಡುತ್ತದೆ. ಮನುಷ್ಯರ ಗ್ರಂಥಿಗಳಿಗೂ ಇದಕ್ಕೂ ನಂಟಿಲ್ಲ. 'ಹಾರ್ಮೋನ್' ಎಂಬ ಪದ ಒಂದೇ ಆದ್ದರಿಂದ ಮೂರೂ ಕಥೆಗಳು ಒಂದೇ ಫಾರ್ವರ್ಡ್‌ನಲ್ಲಿ ಸೇರಿಕೊಂಡಿವೆ.

ಹಾಗಂತ ಸೂಜಿಯ ಹಾಲು ಸರಿ ಎಂದಲ್ಲ. ಕುಡಿಯುವವರಿಗಲ್ಲ, ಕೊಡುವ ಎಮ್ಮೆಗೆ ಅದರಿಂದ ತೊಂದರೆ. ನಮ್ಮ ಲೋಟದಲ್ಲಿ ವಿಷ ಇದೆ ಎಂದರೆ ಮಾತ್ರ ನಾವು ಎದ್ದು ಕೂರುತ್ತೇವೆ ಎಂಬುದು ಬೇರೆ ಮಾತು.

ಹೆರಿಗೆ ಕೋಣೆಯ ಲೆಕ್ಕ

ತುಂಬು ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಆ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುವೇ. ಚೀಲದ ಬಾಯಿಯ ದಾರ ಎಳೆದ ಹಾಗೆ ಅದು ಬಿಗಿದು ನಾಳಗಳನ್ನು ಹಿಸುಕುತ್ತದೆ. ಬಿಗಿಯದೆ ಸಡಿಲವಾಗೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. 500 ಮಿಲಿಲೀಟರ್ ದಾಟಿದರೆ ಅದನ್ನು ಹೆರಿಗೆ ನಂತರದ ಅತಿ ರಕ್ತಸ್ರಾವ ಎನ್ನುತ್ತಾರೆ. ನಮ್ಮ ದೇಶದಲ್ಲಿ ಬಾಣಂತಿಯರ ಸಾವಿಗೆ ದೊಡ್ಡ ಕಾರಣ ಇದೇ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಹೋಗಿದ್ದಾರೆ. ದಕ್ಷಿಣದ ರಾಜ್ಯಗಳಲ್ಲಿ ಇದೇ ಹೆಚ್ಚು.

ಇದನ್ನು ತಡೆಯಲು ಕೊಡುವುದು 10 ಯೂನಿಟ್ ಆಕ್ಸಿಟೋಸಿನ್. ಮಗು ಹುಟ್ಟಿದ ಮೇಲೆ ತೊಡೆಗೆ ಇದನ್ನು ಕೊಟ್ಟರೆ ಜೀವ ಉಳಿಯುತ್ತದೆ. ಅದೇ 10 ಯೂನಿಟ್ಟನ್ನು ಮಗು ಇನ್ನೂ ಒಳಗಿರುವಾಗ 'ನೋವು ಬೇಗ ಬರಲಿ' ಎಂದು ಯಾರೋ ತೊಡೆಗೆ ಚುಚ್ಚಿದರೆ ಗರ್ಭಕೋಶ ಬಿಡುವಿಲ್ಲದೆ ಬಿಗಿಯುತ್ತದೆ. ಮಗುವಿಗೆ ಆಮ್ಲಜನಕ ಸಿಗುವುದಿಲ್ಲ, ಗರ್ಭಕೋಶ ಹರಿಯಲೂಬಹುದು. ಹೆರಿಗೆ ನೋವು ಹೆಚ್ಚಿಸಬೇಕಾದಾಗ ವೈದ್ಯರು ಡ್ರಿಪ್‌ನಲ್ಲಿ ಹನಿ ಹನಿಯಾಗಿ, ಮಗುವಿನ ಎದೆಬಡಿತ ನೋಡುತ್ತಾ ಕೊಡುವುದು ಅದಕ್ಕೇ. ಮದ್ದು ಅದೇ, ಅಳತೆಯೂ ಅದೇ. ಹತ್ತು ನಿಮಿಷದ ವ್ಯತ್ಯಾಸದಲ್ಲಿ ಅಮೃತ ವಿಷವಾಗುತ್ತದೆ.

ಇನ್ನೊಂದು ತೊಡಕು ಬಿಸಿಲು. ಆಕ್ಸಿಟೋಸಿನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟ್ ಹೋಗಿ ಫ್ರಿಜ್ ಕೆಟ್ಟರೆ ಔಷಧದ ಶಕ್ತಿ ಇಳಿಯುತ್ತದೆ, ನೋಡಲು ಮಾತ್ರ ಹಾಗೇ ನೀರಿನಂತೆ ತಿಳಿಯಾಗಿರುತ್ತದೆ. ನರ್ಸ್ ಸೂಜಿ ಕೊಟ್ಟಿರುತ್ತಾಳೆ, ಕೆಲಸ ಆಗಿರುವುದಿಲ್ಲ.

ಈ ತೊಡಕಿಗೆ ಉತ್ತರ ಹುಡುಕಿದ ಊರುಗಳಲ್ಲಿ ಬೆಳಗಾವಿಯೂ ಒಂದು. ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಪ್ರಯೋಗ ನಡೆಸಿದರು. 1,620 ಹೆಂಗಸರು ಅದರಲ್ಲಿ ಸೇರಿದ್ದರು. ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಸಿಕ್ಕಿತು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಕೊಟ್ಟವರು ಹಳ್ಳಿಯ ಎಎನ್‌ಎಂ ಅಕ್ಕಂದಿರು, ಅಂದರೆ ಸಹಾಯಕ ನರ್ಸ್‌ಗಳು. ಫ್ರಿಜ್ ಬೇಡ, ಸೂಜಿ ಬೇಡ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಪ್ರಯೋಗದಲ್ಲಿ ಬಳಸಿದ ಒಂದು ಪ್ಲಾಸ್ಟಿಕ್ ಹಾಳೆಯ ಕಥೆ ನನಗೆ ಮಾತ್ರೆಗಿಂತ ಇಷ್ಟ. ಹೆರಿಗೆ ಹೊತ್ತಿನಲ್ಲಿ ತಾಯಿಯ ಕೆಳಗೆ ಹಾಸುವ ಹಾಳೆ ಅದು. ಕೆಳತುದಿ ಆಲಿಕೆಯಂತೆ ಕಿರಿದಾಗಿ, ಅದರ ಮೇಲೆ ಅಳತೆಯ ಗೆರೆಗಳಿರುತ್ತವೆ. ಅದರ ಮೊದಲು ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಹಾಳೆಯ ಅಳತೆಗೆ ಹೋಲಿಸಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು ಎಂದು ಗೊತ್ತಾಯಿತು. ರಕ್ತ ಎಷ್ಟು ಹೋಗುತ್ತಿದೆ ಎಂಬುದೇ ಗೊತ್ತಿರದ ಕಡೆ ಯಾವ ಸೂಜಿ ತಾನೇ ಹೊತ್ತಿಗೆ ಬರುತ್ತದೆ?

2018ರಲ್ಲಿ ಇನ್ನೊಂದು ದಾರಿಯೂ ಕಂಡಿತು. ಬಿಸಿಲು ತಡೆಯುವ ಕಾರ್ಬೆಟೋಸಿನ್ ಎಂಬ, ಆಕ್ಸಿಟೋಸಿನ್‌ನದೇ ರೂಪದ ಔಷಧವನ್ನು ಭಾರತವೂ ಸೇರಿ 10 ದೇಶಗಳಲ್ಲಿ ಸುಮಾರು 30,000 ತಾಯಂದಿರಲ್ಲಿ ಪರೀಕ್ಷಿಸಿದರು. ಅತಿ ರಕ್ತಸ್ರಾವ ತಡೆಯುವುದರಲ್ಲಿ ಅದು ಹೆಚ್ಚೂಕಡಿಮೆ ಆಕ್ಸಿಟೋಸಿನ್‌ನ ಸಮಕ್ಕೆ ನಿಂತಿತು.

2018ರ ಆದೇಶ, ಕೋರ್ಟಿನ ಉತ್ತರ

ಈಗ ಸುದ್ದಿಯ ಗಂಟಿಗೆ ಬರಬಹುದು. 2014ರಲ್ಲೇ ಕೇಂದ್ರ ಸರ್ಕಾರ ಪಶುಗಳ ಆಕ್ಸಿಟೋಸಿನ್ ಪಶು ಆಸ್ಪತ್ರೆಗಳಿಗೆ ಮಾತ್ರ ಹೋಗಬೇಕು ಎಂದಿತ್ತು. ದುರುಪಯೋಗ ನಿಲ್ಲಲಿಲ್ಲ. 2016ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟ್, ತಯಾರಿಕೆಯನ್ನು ಸರ್ಕಾರಿ ಕಂಪನಿಗಳಿಗೆ ಸೀಮಿತ ಮಾಡಬಹುದೇ ನೋಡಿ ಎಂದಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಇದನ್ನು ತಯಾರಿಸುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಹೊರಗಿನಿಂದ ತರಿಸುವುದೂ ಬಂದಾಯಿತು. ಇಡೀ ದೇಶಕ್ಕೆ ಒಂದೇ ಕಂಪನಿ, ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್. ಅದು ಕೇಂದ್ರ ಸರ್ಕಾರಿ ಸ್ವಾಮ್ಯದ್ದು, ಈ ಔಷಧಕ್ಕೆ ಹೊಸದು.

ಸರ್ಕಾರದ ವಾದ ಸರಳವಾಗಿತ್ತು. ಎಲ್ಲರೂ ತಯಾರಿಸಿದರೆ ಯಾರ ಬಾಟಲಿ ಕೊಟ್ಟಿಗೆಗೆ ಹೋಯಿತು ಎಂದು ಹಿಡಿಯುವುದು ಕಷ್ಟ, ಬಾಗಿಲು ಒಂದೇ ಇದ್ದರೆ ಕಾವಲು ಸುಲಭ. ಪ್ರಾಣಿ ದಯಾ ಸಂಘಟನೆಗಳೂ ಇದಕ್ಕೆ ದನಿಗೂಡಿಸಿದವು. ಎದುರು ಬದಿಯಲ್ಲಿ ಆಲ್ ಇಂಡಿಯಾ ಡ್ರಗ್ ಆ್ಯಕ್ಷನ್ ನೆಟ್‌ವರ್ಕ್ ಮತ್ತು ಕೆಲವು ಔಷಧ ಕಂಪನಿಗಳಿದ್ದವು. ಒಂದೇ ಕಾರ್ಖಾನೆ ನಿಂತರೆ ದೇಶದ ಹೆರಿಗೆ ಕೋಣೆಗಳೆಲ್ಲ ಬರಿಗೈಯಾಗುತ್ತವೆ ಎಂಬುದು ಅವರ ಮಾತು. ಕಳ್ಳ ಬಾಟಲಿಗಳು ಪರವಾನಗಿ ಇರುವ ಕಂಪನಿಗಳಿಂದಲೇ ಬರುತ್ತಿವೆ ಎಂಬುದಕ್ಕೆ ಪುರಾವೆ ಏನು ಎಂದೂ ಕೇಳಿದರು.

2018ರ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ಅಧಿಸೂಚನೆಯನ್ನು ರದ್ದು ಮಾಡಿತು. ನಿಷೇಧಕ್ಕೆ ವೈಜ್ಞಾನಿಕ ಆಧಾರ ಇಲ್ಲ, ಬಸುರಿಯರು ಬಾಣಂತಿಯರ ಮೇಲೆ ಏನು ಪರಿಣಾಮ ಎಂದು ಯೋಚಿಸಿಲ್ಲ ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಆಗಸ್ಟ್‌ನಲ್ಲಿ ಅಲ್ಲಿನ ಇಬ್ಬರು ನ್ಯಾಯಮೂರ್ತಿಗಳು ಪ್ರಶ್ನೆಗಳನ್ನು ಬರೆದು ದೊಡ್ಡ ಪೀಠಕ್ಕೆ ಕಳಿಸಿದರು.

ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ, ಆದರೆ ತೂಕ ಒಂದೇ ಅಲ್ಲ. ಕೊಟ್ಟಿಗೆಯ ಕಳ್ಳ ಬಾಟಲಿ ಪರವಾನಗಿಯ ಬಾಗಿಲಿಂದ ಬರುವುದಾಗಿದ್ದರೆ ಆ ಬಾಗಿಲು ಮುಚ್ಚಿದ್ದಕ್ಕೆ ಅರ್ಥವಿತ್ತು. ವಶಕ್ಕೆ ಸಿಗುವ ಎಷ್ಟೋ ಬಾಟಲಿಗಳ ಮೇಲೆ ತಯಾರಕರ ಹೆಸರೇ ಇರುವುದಿಲ್ಲ. ಹೆಸರಿಲ್ಲದವರಿಗೆ ಯಾವ ನಿಷೇಧವೂ ತಾಗುವುದಿಲ್ಲ. ತಾಗುವುದು ಹೆಸರಿದ್ದವರಿಗೆ, ಅವರಿಂದ ಔಷಧ ಪಡೆಯುವ ಆಸ್ಪತ್ರೆಗೆ.

ಮುಂದೆ ಏನಾಗಬಹುದು?

ಒಂದೇ ಕಂಪನಿ ಎಂಬ ದಾರಿ ಮತ್ತೆ ಬಂದರೆ ಮೊದಲು ಬಿಸಿ ತಟ್ಟುವುದು ತಾಲ್ಲೂಕು ಆಸ್ಪತ್ರೆಗಳಿಗೆ ಮತ್ತು ಸಣ್ಣ ಖಾಸಗಿ ಹೆರಿಗೆ ಮನೆಗಳಿಗೆ. ಬೆಂಗಳೂರಿನಿಂದ ಇಂಡಿಗೆ ಇಲ್ಲವೇ ರಾಯಬಾಗಕ್ಕೆ ಔಷಧ ತಂಪಾಗಿಯೇ ಬರಬೇಕು. ಒಂದು ಲಾರಿ ತಡವಾದರೂ ಬದಲಿ ಇರುವುದಿಲ್ಲ. ಕೊರತೆ ಬಿದ್ದರೆ ಕಳ್ಳ ಪೇಟೆಗೇ ಬೆಲೆ ಏರುತ್ತದೆ, ಆ ಪೇಟೆ ಇನ್ನೂ ಬಲಿಯುತ್ತದೆ. ಈಗಿರುವಂತೆ ಬಿಟ್ಟರೆ ಆಸ್ಪತ್ರೆಗಳಿಗೆ ತೊಂದರೆಯಿಲ್ಲ, ಆದರೆ ಕೊಟ್ಟಿಗೆ ಹಾಗೇ ಉಳಿಯುತ್ತದೆ. ಆಗಾಗ ಒಂದು ದಾಳಿ, ಒಂದು ಫೋಟೊ, ಸಾವಿರ ರೂಪಾಯಿ ದಂಡ.

ಕೊಟ್ಟಿಗೆಯಲ್ಲಿ ಸೂಜಿ ನಿಲ್ಲಬೇಕಾದರೆ ಕರು ಉಳಿಯಬೇಕು, ಇಲ್ಲವೇ ಕರು ಇಲ್ಲದೆಯೂ ತೊರೆ ಬಿಡುವ ಅಭ್ಯಾಸ ಎಮ್ಮೆಗೆ ಆಗಬೇಕು. ಎರಡೂ ಆಗದ ಮಾತಲ್ಲ. ಹೆಣ್ಣುಗರುವೇ ಹೆಚ್ಚು ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿಗಳು ಬಂದಿವೆ. ಮೊದಲ ಈತಿನಿಂದಲೇ ಹಿಂಡಿ ತಿನ್ನಿಸುತ್ತಾ, ಕೆಚ್ಚಲನ್ನು ಬೆಚ್ಚಗಿನ ನೀರಲ್ಲಿ ತೊಳೆದು ನೀವುತ್ತಾ, ಒಂದೇ ಹೊತ್ತು ಒಂದೇ ಕೈ ಎಂದು ರೂಢಿಸಿದರೆ ಬಹಳಷ್ಟು ಎಮ್ಮೆಗಳು ಕರು ಇಲ್ಲದೆಯೂ ತೊರೆ ಬಿಡುತ್ತವೆ. ಈಗಾಗಲೇ ಸೂಜಿಗೆ ಒಗ್ಗಿದ ಎಮ್ಮೆಯನ್ನು ಬಿಡಿಸುವುದು ಮಾತ್ರ ಕಷ್ಟ. ಬಿಡಿಸುವಾಗ ಕೆಲವು ದಿನ ಹಾಲು ಬೀಳುತ್ತದೆ, ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿನ ಭಯವೂ ಇದೆ, ದನದ ಡಾಕ್ಟರ್ ಹತ್ತಿರವಿರಬೇಕು. ಆ ದಿನಗಳಲ್ಲಿ ಡೇರಿಗೆ ಕಡಿಮೆ ಹಾಕಿದ ಹಾಲಿನ ದುಡ್ಡು ಹೋಗುವುದು ಎಮ್ಮೆ ಸಾಕಿದವರ ಜೇಬಿನಿಂದ. 2018ರ ಅಧಿಸೂಚನೆಯಲ್ಲಿ ಆ ಲೆಕ್ಕ ಇರಲಿಲ್ಲ.